ಹೊಳೆ ಕೊಟ್ಟ ಬಣ್ಣ

ಮಗ ಬಕೆಟ್ಟನ್ನು ನಲ್ಲಿಯ ಕೆಳಗೆ ಸರಿಸಿ ತಿರುವಿದ. ಮಗಳು ಹಿಂದಿನಿಂದ ಬಂದು ನಿಲ್ಲಿಸಿದಳು. ಅವನು ಮತ್ತೆ ತಿರುವಿದ. ಈ ಸಲ ಅವಳು ನಿಲ್ಲಿಸಿದ್ದಷ್ಟೇ ಅಲ್ಲ, ನಲ್ಲಿಯ ತಲೆಯ ಮೇಲೆ ಅಂಗೈಯಿಟ್ಟು ಅಲ್ಲೇ ನಿಂತುಬಿಟ್ಟಳು. ಬಕೆಟ್ಟಿನ ತಳದಲ್ಲಿ ಒಂದು ಲೋಟದಷ್ಟು ನೀರು ಅಲ್ಲಾಡುತ್ತಿತ್ತು.

“ಬಿಡು ಅಕ್ಕ. ಹೊರಗೆ ಜನ ಕಾಯ್ತಿದಾರೆ.”

“ಕಾಯ್ಲಿ.”

“ಅಮ್ಮಂಗೆ ಸ್ನಾನ ಮಾಡ್ಸಿ ಆಯ್ತಂತೆ. ಬಟ್ಟೆ ಒಂದೇ ಬಾಕಿ.”

“ಅದಕ್ಕೇ ಹೇಳ್ತಿರೋದು. ಈ ನೀರು ಬೇಡ. ಹೊಳೇಲಿ ಒಗೆಯೋಣ.”

ಅವನು ಅಕ್ಕನ ಹೆಗಲ ಮೇಲಿದ್ದ ಬಿಳಿ ಬಟ್ಟೆಯನ್ನು ನೋಡಿದ. ಅವಳು ಹೊಲಿಗೆ ಕೆಲಸದವಳು. ಹೆಬ್ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳು ಇನ್ನು ಹೋಗಲಾರವು. ಆದರೂ ಆ ಬಟ್ಟೆಯ ಅಂಚಿಗೆ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಗಂಟೆಮನೆಗೆ ಪ್ರಾರ್ಥನೆಗೆ ಹೋಗುವ ಜನರಲ್ಲಿ, ಸತ್ತವರಿಗೆ ಸುತ್ತುವ ಬಟ್ಟೆಗೆ ಸೂಜಿ ತಾಕಬಾರದು. ಇನ್ನೊಂದು ಕಟ್ಟಳೆಯೂ ಇತ್ತು. ಆ ಬಟ್ಟೆಯನ್ನು ಅದೇ ದಿನ, ಮನೆಯ ಮಕ್ಕಳೇ, ಹರಿಯುವ ಹೊಳೆಯಲ್ಲಿ, ನಾಲ್ಕು ಜನ ನೋಡುವಂತೆ ಒಗೆಯಬೇಕು. ಮೊದಲನೆಯದನ್ನು ಎಲ್ಲರೂ ಪಾಲಿಸುತ್ತಿದ್ದರು. ಎರಡನೆಯದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಊರಿನ ಮೇಲುಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಬಂದು, ಹೊಳೆ ಬೆಳಿಗ್ಗೆ ನೀಲಿಗೂ ಮಧ್ಯಾಹ್ನ ಕೆಂಪಿಗೂ ಸಂಜೆ ಹೆಸರೇ ಇಲ್ಲದ ಒಂದು ಬಣ್ಣಕ್ಕೂ ತಿರುಗತೊಡಗಿದ ಮೇಲೆ, ಗಂಟೆಮನೆಯ ಗುರುಗಳು ತಲೆ ತಗ್ಗಿಸಿ, ನಲ್ಲಿ ನೀರಾದರೂ ಆಗುತ್ತದೆ ಎಂದಿದ್ದರು. ಅಂದಿನಿಂದ ಅವರಲ್ಲಿ ಸತ್ತವರೆಲ್ಲ ನಲ್ಲಿ ನೀರಿನ ಬಟ್ಟೆಯಲ್ಲೇ ಹೋಗಿದ್ದರು.

ಅಮ್ಮ ಮಾತ್ರ ತನಗೆ ಅದು ಬೇಡ ಎಂದಿದ್ದಳು. ದೊಡ್ಡ ಆಣೆ ಪ್ರಮಾಣ ಏನೂ ಇಲ್ಲ. ಮೊನ್ನೆ ಗಂಜಿ ಕುಡಿಸುವಾಗ, ತುಟಿ ಒರೆಸಿಕೊಳ್ಳುತ್ತ, “ನನ್ನ ಬಟ್ಟೆ ಹೊಳೇಲಿ ಜಾಲಿಸಿ” ಎಂದಳು. ಇನ್ನೆರಡು ಚಮಚ ಕುಡಿದು ಮಲಗಿದಳು.

“ಹೊಳೆ ಈಗ ಸರಿಯಾಗಿದೆ ಅಂತ ನೀನೇ ತಾನೇ ಹೇಳೋದು,” ಎಂದಳು ಮಗಳು. “ಪ್ಲಾಂಟಲ್ಲಿ ನೀರು ಶುದ್ಧ ಆಗಿ ಹೋಗುತ್ತೆ ಅಂತ.”

“ನಾನಿದ್ದಾಗ ಹೋಗುತ್ತೆ. ನಾನು ಇಲ್ಲಿದ್ದೀನಲ್ಲ.”

ಅವನು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಕಾರ್ಖಾನೆಯ ಕೊಳೆನೀರನ್ನು ತೊಟ್ಟಿಗಳಲ್ಲಿ ತಿಳಿಯಾಗಿಸಿ ಹೊಳೆಗೆ ಬಿಡುವ ಯಂತ್ರಗಳ ಉಸ್ತುವಾರಿ ಅವನದು. ಎಲ್ಲರೂ ಅದನ್ನು ಪ್ಲಾಂಟು ಅನ್ನುತ್ತಿದ್ದರು.

“ಮೊನ್ನೆಯಿಂದ ಅಮ್ಮನ ಪಕ್ಕದಲ್ಲಿ ಕೂತಿದ್ದೀನಿ. ಅಲ್ಲಿ ಯಾರು ಏನು ಮಾಡಿದ್ರೋ. ಆ ಸೂಪರ್‌ವೈಸರ್ ನಿಂಗೊತ್ತಿಲ್ಲ. ನಾನು ಆಕಡೆ ತಿರುಗಿದ್ರೆ ಸಾಕು, ಕರೆಂಟು ಉಳಿಸ್ತೀನಿ ಅಂತ ಪಂಪು ನಿಲ್ಸಿ, ಹೊಳೆಗೆ ನೇರ ಬಿಡೋ ಹಳೇ ಕೊಳವೆ ಬಿಚ್ತಾನೆ.”

“ಫೋನ್ ಮಾಡಿ ಕೇಳು.”

“ಕೇಳಿ, ಹೌದು ಬಿಚ್ಚಿದ್ದೀವಿ ಅಂದ್ರೆ?”

ಅವಳು ಹೆಗಲಿಂದ ಜಾರುತ್ತಿದ್ದ ಬಟ್ಟೆಯನ್ನು ಮೇಲಕ್ಕೆಳೆದುಕೊಂಡಳು.

“ಇಷ್ಟು ಜನರ ಮುಂದೆ ಬಟ್ಟೆ ನೀಲಿ ಬಂತು ಅಂದ್ಕೋ. ಅಮ್ಮ ಇಷ್ಟು ವರ್ಷ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ. ಅವಳು ಹೋಗೋ ದಿನ ಅದನ್ನ ನೋಡ್ಬೇಕಾ? ನಲ್ಲಿ ನೀರಲ್ಲಿ ಒಗೆದ್ರೆ ಯಾರೂ ಏನೂ ಅನ್ನಲ್ಲ ಅಕ್ಕ.”

ದೂರದಲ್ಲಿ ಗಂಟೆಮನೆಯ ಗಂಟೆ ಬಾರಿಸಿತು. ಸಾವಿಗೆ ಬಾರಿಸುವ ಗಂಟೆ: ಒಂದು ಪೆಟ್ಟು, ಅದರ ಗುಂಯ್ ಪೂರ್ತಿ ಸತ್ತ ಮೇಲೆ ಇನ್ನೊಂದು. ಹಿತ್ತಲ ಗೋಡೆಯಾಚೆ, ಅಂಗಳದಲ್ಲಿ ಕುರ್ಚಿ ಎಳೆಯುವ ಸದ್ದು. ಪಕ್ಕದ ಮನೆಯ ಬೇಕರಿಯವಳು ಯಾರಿಗೋ ಕತೆ ಹೇಳುತ್ತಿದ್ದಳು.

“ಮಾಲೀಕನ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ಲು ನಮ್ಮ ಹಾಸಿನಮ್ಮ. ಇಡೀ ಸಭೆ ಗಡಗಡ. ಅವಳು ಬೇಕೂಂತಲೇ ಆ ಬಟ್ಟೆ ಹಾಸಿದ್ದು. ಒಂದು ತಿಂಗಳಿಂದ ಯೋಚನೆ ಮಾಡಿದ್ಲಂತೆ.”

ಗೋಡೆಯೀಚೆ ಮಗಳ ಮುಖದಲ್ಲಿ, ಅಷ್ಟು ಹೊತ್ತಿನಲ್ಲಿ ಮೊದಲ ಸಲ, ನಗೆಯಂಥದ್ದೇನೋ ಸುಳಿಯಿತು. ತಮ್ಮನೂ ತಲೆಯೆತ್ತಿದ. ನಿಜ ಏನೆಂದು ಇಬ್ಬರಿಗೂ ಗೊತ್ತಿತ್ತು.

*

ಬಹಳ ವರ್ಷಗಳ ಹಿಂದಿನ ಆ ವಾರ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ನಡೆದದ್ದು ಅಷ್ಟೇ.

ಗಂಟೆಮನೆಯಲ್ಲಿ ಬೆಂಚುಗಳಿಲ್ಲ. ವಾರದ ಪ್ರಾರ್ಥನೆಗೆ ಬಡವ ಬಲ್ಲಿದ ಎಲ್ಲರೂ ಉದ್ದಕ್ಕೆ ಹಾಸಿದ ಬಿಳಿ ಬಟ್ಟೆಗಳ ಮೇಲೆ ಕೂರುತ್ತಾರೆ. ಹಿಂದಿನ ದಿನ ಅವನ್ನು ಒಗೆದು ಒಣಗಿಸಿ, ಸುಕ್ಕಿಲ್ಲದಂತೆ ಹಾಸುವುದು ಅಮ್ಮನ ಕೆಲಸ. ಹಾಸಿನಮ್ಮ ಎಂಬ ಹೆಸರು ಬಂದದ್ದೇ ಹಾಗೆ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು; ಅದನ್ನು ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು.

ಹೊಳೆ ಕೆಟ್ಟ ಮೇಲೆ ಆಕೆ ಹಾಸುಗಳನ್ನು ಗಂಟೆಮನೆಯ ಹಿಂದಿನ ನಲ್ಲಿಯಲ್ಲಿ ಒಗೆಯುತ್ತಿದ್ದಳು. ಆ ವಾರ ನಲ್ಲಿ ಬರೀ ಗಾಳಿ ಉಗುಳಿತು. ಮಧ್ಯಾಹ್ನದವರೆಗೆ ಕಾದು, ಕೊನೆಗೆ ಗಂಟುಕಟ್ಟಿ ಕೈಗಾಡಿಯಲ್ಲಿ ಹೇರಿಕೊಂಡು ಹೊಳೆಗೆ ಹೋದಳು. ಸ್ವಲ್ಪ ತಿಳಿಯಿದ್ದ ಕಡೆ ನೋಡಿ ಒಗೆದಳು. ಬಟ್ಟೆಗಳ ಮೇಲೆ ನೀಲಿ ಪಟ್ಟೆ, ಅದರ ಪಕ್ಕ ತುಕ್ಕಿನ ಕೆಂಪು ಪಟ್ಟೆ ಮೂಡಿದವು. ಉಜ್ಜಿದಷ್ಟೂ ಬಣ್ಣ ಕಚ್ಚಿತು. ಒಣಗಿದರೆ ಹೋಗಬಹುದು ಎಂದುಕೊಂಡಳು. ಒಣಗಿತು, ಹೋಗಲಿಲ್ಲ. ಬೆಳಿಗ್ಗೆ ಬೇರೆ ದಾರಿ ಕಾಣದೆ ಅವನ್ನೇ ಹಾಸಿ, ಕಂಬದ ಹಿಂದೆ ನಿಂತಳು.

ಅವತ್ತು ಕಾರ್ಖಾನೆಯ ಮಾಲೀಕ ಬರುವವನಿದ್ದ. ಅವನೂ ಗಂಟೆಮನೆಯವನೇ. ಸಭಾಂಗಣಕ್ಕೆ ಹೊಸದಾಗಿ ಹನ್ನೆರಡು ಫ್ಯಾನು ದಾನ ಕೊಟ್ಟಿದ್ದ. ಹಿರಿಯರು ಅವಸರದಲ್ಲಿ ಒಳಗೆ ಬಂದರು, ಬಣ್ಣಬಣ್ಣದ ಹಾಸು ನೋಡಿದರು, ಅತಿಥಿಗೆಂದೇ ಅಲಂಕಾರ ಮಾಡಿದ್ದಾರೆ ಎಂದುಕೊಂಡರು. “ಎಷ್ಟು ಚೆನ್ನಾಗಿ ಮಾಡಿದ್ದೀರಿ ಹಾಸಿನಮ್ಮ” ಎಂದು ಒಬ್ಬರು ಮೆಚ್ಚಿ ಹೋದರು. ಗುರುಗಳು ಪ್ರಾರ್ಥನೆಯ ನಡುವೆ, ಸಭೆಯನ್ನು ಸಿಂಗರಿಸಿದ ಕೈಗಳಿಗೆ ಒಳ್ಳೆಯದಾಗಲಿ ಎಂದರು. ಆ ಕೈಗಳು ಕಂಬದ ಹಿಂದೆ ಒಂದನ್ನೊಂದು ಹಿಸುಕಿಕೊಳ್ಳುತ್ತಿದ್ದವು.

ಮಾಲೀಕ ಅಚ್ಚ ಬಿಳಿ ಉಡುಪಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ. ಸೆಖೆ. ಫ್ಯಾನು ತಿರುಗಿದರೂ ಬೆವರು. ಪ್ರಾರ್ಥನೆ ಮುಗಿದು ಎದ್ದು ತಿರುಗಿದಾಗ ಅವನ ಹಿಂಭಾಗ ನೀಲಿಯಾಗಿತ್ತು. ಅಕ್ಕಪಕ್ಕದ ಹಿರಿಯರದು ಕೆಂಪಾಗಿತ್ತು. ಹೆಂಗಸರ ಕಡೆಯಿಂದ ಒಂದು ಕಿಸಕ್ಕೆನ್ನುವ ನಗು ಬಂತು. ನಕ್ಕದ್ದು ಮಾಲೀಕನ ಹೆತ್ತ ತಾಯಿ.

“ಎಂಥಾ ಕಳಪೆ ಬಣ್ಣ ಇದು. ಎಲ್ಲಿಂದ ತಂದ್ರಿ?” ಎಂದ ಮಾಲೀಕ, ಪ್ಯಾಂಟು ಒದರಿಕೊಳ್ಳುತ್ತ.

ಎಲ್ಲರೂ ಕಂಬದ ಕಡೆ ತಿರುಗಿದರು. ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ ಎಂದು ಹಾಸಿನಮ್ಮ ಹೇಳಿದಳು. ದನಿ ಎಷ್ಟು ಸಣ್ಣದಿತ್ತೆಂದರೆ ಫ್ಯಾನಿನ ಸದ್ದಿನಲ್ಲಿ ಮುಂದಿನ ಸಾಲಿಗಷ್ಟೇ ಕೇಳಿತು.

“ನಾನು ತರ್ಲಿಲ್ಲ. ನಿಮ್ಮಲ್ಲಿಂದಲೇ ಬಂತು. ಹೊಳೇಲಿ.”

ಮನೆಗೆ ಬಂದು ಇಡೀ ದಿನ ಅತ್ತಳು. ಕೆಲಸ ಹೋಯಿತು ಎಂದುಕೊಂಡಿದ್ದಳು. ಸಂಜೆ ಬಾಗಿಲು ಬಡಿದವರು ಗುರುಗಳು. “ಬಾರಮ್ಮ,” ಎಂದರು, “ಹೊಳೆ ನೋಡದೆ ಬಹಳ ದಿನ ಆಯ್ತು. ತೋರಿಸು.”

*

“ನಲ್ಲಿ ನೀರಾದ್ರೂ ಆಗುತ್ತಮ್ಮ,” ಎಂದರು ಅದೇ ಗುರುಗಳು ಈಗ, ಹಿತ್ತಲ ಬಾಗಿಲಿನಲ್ಲಿ ಊರುಗೋಲಿನ ಮೇಲೆ ಬಾಗಿ. ವಯಸ್ಸು ಅವರನ್ನು ಒಣಗಿಸಿತ್ತು. “ಯಾರೂ ತಪ್ಪು ತಿಳ್ಕೊಳ್ಳಲ್ಲ. ನಾನೇ ಹೇಳಿದ್ದಲ್ವಾ.”

“ನೀನು ಹೇಳಿದ್ದು ಹೊಳೆ ಸತ್ತಿದ್ದಾಗ,” ಎಂದರು ಅವರ ಹಿಂದಿನಿಂದ ದೀಪದಮನೆಯ ಹಿರಿಯರೊಬ್ಬರು.

ದೀಪದಮನೆ ಹೊಳೆಯ ಆಚೆ ದಡದಲ್ಲಿತ್ತು; ಬೇರೆ ನಂಬಿಕೆ, ಬೇರೆ ಪ್ರಾರ್ಥನೆ. ಅವರು ಒಳಗೆ ಹೋಗುವ ಮುಂಚೆ ಹೊಳೆಯಲ್ಲಿ ಕಾಲು ತೊಳೆಯಬೇಕು. ಒಂದು ಕಾಲದಲ್ಲಿ, ಹೊಳೆಗಿಳಿಯಲು ಈಚೆ ದಡದಲ್ಲಷ್ಟೇ ಇದ್ದ ಮೆಟ್ಟಿಲು ಯಾರಿಗೆ ಸೇರಿದ್ದು ಎಂದು ಈ ಎರಡು ಮನೆಯವರು ಕಲ್ಲು ತೂರಾಡಿಕೊಂಡಿದ್ದರು. ಹೊಳೆ ಕೆಟ್ಟ ಮೇಲೆ ಮೆಟ್ಟಿಲು ತಮ್ಮದೆನ್ನುವುದು ಯಾರಿಗೂ ಬೇಡವಾಯಿತು, ಜಗಳವೂ ಬೇಡವಾಯಿತು.

“ನಿಂಗೇನಯ್ಯ,” ಎಂದರು ಗುರುಗಳು. “ನಿಮ್ಮಲ್ಲಿ ಬಟ್ಟೆ ಒಗೆಯೋ ಕಟ್ಟಳೆ ಇಲ್ಲ.”

“ಕಾಲು ತೊಳೆಯೋದಿದೆಯಲ್ಲ. ವರ್ಷಗಟ್ಟಲೆ ನನ್ನ ಹಿಮ್ಮಡಿ ಕೆಂಪಗಿತ್ತು. ನನ್ನ ಹೆಂಡ್ತಿ, ಎರಡನೇ ಮದುವೆಗೆ ಹೊರಟ್ರಾ ಅಂತ ಕೇಳ್ತಿದ್ಲು.”

ಬಾಗಿಲ ಬಳಿ ಸೇರಿದ್ದವರಲ್ಲಿ ಇಬ್ಬರು ಮೂವರು ನಕ್ಕು, ನಗಬಾರದಿತ್ತೇನೋ ಎಂದು ಒಳಗಿನ ಕೋಣೆಯ ಕಡೆ ನೋಡಿದರು. ಅಲ್ಲಿ, ಗೋಡೆಗೆ ತಾಗಿದ ಮಂಚದ ಮೇಲೆ, ಹಾಸಿನಮ್ಮ ಹಳೆಯದೊಂದು ಹೊದಿಕೆಯಡಿ ಕಾಯುತ್ತಿದ್ದಳು.

“ಈಗ ಹೊಳೆ ಹೇಗಿದೆ ಅಂತ ಗೊತ್ತಿರೋದು ಇವನಿಗೆ,” ಎಂದು ಹಿರಿಯರು ಮಗನನ್ನು ತೋರಿಸಿದರು. “ಹೇಳಪ್ಪ. ಇಳೀಬಹುದಾ?”

ನಿಜವೆಂದರೆ ಅದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪ್ಲಾಂಟು ಬಂದ ಮೇಲೂ ಹೊಳೆಯ ತಳದ ಕೆಸರು ಬಹಳ ಕಾಲ ಬಣ್ಣ ಬಿಡುತ್ತಿತ್ತು. ಹಾಸಿನಮ್ಮ ಆಗಾಗ ಮೆಟ್ಟಿಲಿಳಿದು ಕರವಸ್ತ್ರ ಅದ್ದಿ ನೋಡುತ್ತಿದ್ದಳು. ಮೊದಲು ಬೂದಿ ಬಣ್ಣ, ಮುಂದಿನ ವರ್ಷ ಹಾಲು ಕಲಸಿದ ಟೀಯಂಥದ್ದು. ಆಮೇಲೆ ಕಾಲು ಬಿದ್ದುಹೋಗಿ ಹಾಸಿಗೆ ಹಿಡಿದಳು. ಉಳಿದವರಿಗೆ ನಲ್ಲಿ ಅಭ್ಯಾಸವಾಗಿತ್ತು. ಸಾವಿನ ದಿನ ಪರೀಕ್ಷೆಗಿಳಿಯುವ ಧೈರ್ಯ ಯಾವ ಮನೆಗೂ ಬಂದಿರಲಿಲ್ಲ.

ಮಗ ಬಕೆಟ್ಟಿನಲ್ಲಿದ್ದ ಅಷ್ಟು ನೀರನ್ನೇ ನೋಡುತ್ತಿದ್ದ. ಅವನಿಗೆ ಎದುರಿನ ಜನ ಕಾಣುತ್ತಿರಲಿಲ್ಲ. ಕಾರ್ಖಾನೆಯ ಗೇಟಿನ ಸರಳುಗಳ ನಡುವೆ ತೂರಿ ಬರುತ್ತಿದ್ದ ಊಟದ ಡಬ್ಬಿ ಕಾಣುತ್ತಿತ್ತು.

*

ಗುರುಗಳು ಹೊಳೆ ನೋಡಿ ಬಂದ ಮೇಲೆ ಎರಡೂ ಮನೆಯವರು ಬಾಗಿಲಿಗೆ ಬೀಗ ಹಾಕಿ, ವಾರದ ಪ್ರಾರ್ಥನೆಯನ್ನು ಕಾರ್ಖಾನೆಯ ಗೇಟಿನ ಪಕ್ಕ, ಕೊಳೆನೀರಿನ ಕಾಲುವೆಯ ದಂಡೆಗೆ ತಂದರು. ಆ ಕಲೆಯ ಹಾಸುಗಳನ್ನೇ ಹಾಸಿದರು. ಮೊದಲು ಯಾರ ಪ್ರಾರ್ಥನೆ ಎಂದು ಒಂದು ವಾರ ಜಗಳವಾಯಿತು. ಮುಂದಿನ ವಾರ ಆ ನಾತಕ್ಕೆ ಎರಡೂ ಕಡೆಯ ಉಪದೇಶಗಳು ಎಷ್ಟು ಚಿಕ್ಕವಾದವೆಂದರೆ, ಮೊದಲು ಯಾರು ಎನ್ನುವುದು ಯಾರ ನೆನಪಿಗೂ ಬರಲಿಲ್ಲ. “ಐವತ್ತು ವರ್ಷದಲ್ಲಿ ಗುರುಗಳು ಇಷ್ಟು ಬೇಗ ಮುಗಿಸಿದ್ದು ಇದೇ ಮೊದಲು” ಎಂದು ಬೇಕರಿಯವಳು ಊರೆಲ್ಲ ಹೇಳಿದಳು. ಪ್ರಾರ್ಥನೆಗೆ ಬರದಿದ್ದವರೂ ಬರತೊಡಗಿದರು.

ಕಾವಲುಗಾರನದೊಂದು ಕಂದು ನಾಯಿಯಿತ್ತು. ಬಾಯಾರಿ ಕಾಲುವೆಯ ತನಕ ಬರುವುದು, ಮೂಸುವುದು, ಹಿಂದಕ್ಕೆ ಹೋಗುವುದು. ದೀಪದಮನೆಯ ಹಿರಿಯರು ಅದನ್ನು ತೋರಿಸಿ, “ಇವತ್ತಿನ ಉಪದೇಶ ಮುಗೀತು” ಎನ್ನುತ್ತಿದ್ದರು.

ಆಗ ಮಗ ಒಳಗೆ ಬಣ್ಣದ ತೊಟ್ಟಿಯ ಕೆಲಸದಲ್ಲಿದ್ದ. ಅವನ ಉಗುರಿನ ಸಂದಿ ಯಾವಾಗಲೂ ನೀಲಿ. ತಾಯಿ ಹೊರಗೆ ಕಾಲುವೆಯ ದಂಡೆಯಲ್ಲಿ, ಮಗ ಒಳಗೆ. ಊಟದ ಸೈರನ್ ಆದಾಗ ಹಾಸಿನಮ್ಮ ಪ್ರಾರ್ಥನೆಯ ನಡುವೆಯೇ ಎದ್ದು, ಸೆರಗಿನಲ್ಲಿ ಡಬ್ಬಿಯ ಬಿಸಿ ಹಿಡಿದು, ಗೇಟಿನ ಸರಳುಗಳ ನಡುವೆ ತೂರಿಸುತ್ತಿದ್ದಳು. ಅವನು ತೆಗೆದುಕೊಳ್ಳುತ್ತಿದ್ದ. ಜೊತೆಯವರು ಅವನನ್ನು ಕಾಡುತ್ತಿದ್ದರು: “ಏನೋ, ನಿಮ್ಮಮ್ಮ ನಮ್ಮ ಅನ್ನಕ್ಕೆ ಮಣ್ಣು ಹಾಕ್ತಾಳೆ, ನಿಂಗೆ ಮಾತ್ರ ಬಿಸಿಬಿಸಿ ಕಳಿಸ್ತಾಳೆ.”

ಕಾರ್ಖಾನೆ ಮುಚ್ಚಿಸಲೇಬೇಕೆಂದು ದೀಪದಮನೆಯ ಹಿರಿಯರು ಪಟ್ಟು ಹಿಡಿದಾಗ, ಹಾಸಿನಮ್ಮ ಜೀವಮಾನದಲ್ಲಿ ಎರಡನೇ ಸಲ ಸಭೆಯಲ್ಲಿ ಬಾಯಿ ತೆರೆದಳು.

“ಒಳಗೆ ನನ್ನ ಮಗ ಇದ್ದಾನೆ. ಮುಚ್ಚೋದು ಬೇಡ. ನೀರು ತೊಳೆದು ಬಿಡ್ಲಿ. ಬಟ್ಟೆ ಒಗೆಯೋಳಿಗೆ ಗೊತ್ತು, ಕೊಳೆ ಆಯ್ತು ಅಂತ ಯಾರೂ ಬಟ್ಟೆ ಸುಡಲ್ಲ.”

ಮಾಲೀಕ ಬಗ್ಗಲಿಲ್ಲ. ಸೆಖೆಗಾಲ ಬಂತು. ಒಂದು ವಾರ ಗುರುಗಳು ಏಣಿ ತರಿಸಿ, ಅವನು ದಾನ ಕೊಟ್ಟ ಫ್ಯಾನುಗಳನ್ನೆಲ್ಲ ಬಿಚ್ಚಿಸಿದರು. ಜನ ಅವನ್ನು ಹೊತ್ತುಕೊಂಡು, ರೆಕ್ಕೆಗಳು ದಾರಿಯುದ್ದಕ್ಕೂ ಒಂದಕ್ಕೊಂದು ಬಡಿಯುತ್ತಿರಲು, ಗೇಟಿನ ಮುಂದೆ ಸಾಲಾಗಿ ಜೋಡಿಸಿದರು. ದೀಪದಮನೆಗೆ ಅವನು ಕಟ್ಟಿಸಿಕೊಟ್ಟ ನೀರಿನ ತೊಟ್ಟಿಯನ್ನು ಹೊತ್ತು ತರಲಾಗದೆ, ಅದರ ಮುಚ್ಚಳ ತಂದಿಟ್ಟರು. “ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ,” ಎಂದರು ಹಿರಿಯರು ಗೇಟಿನೊಳಗೆ ಕೇಳುವಂತೆ. “ಇವನು ಸುರಿಯೋದು ಹೊಳೆಗೆ, ಅಳೆಯೋದು ದಾನ.”

ಆ ಸಾಲಿನಲ್ಲಿ ಕೊನೆಗೆ ಬಂದವಳು ಮಾಲೀಕನ ತಾಯಿ. ಕೈಯಲ್ಲೊಂದು ಬೀಸಣಿಗೆ. ಹಾಸಿನಮ್ಮನ ಪಕ್ಕ, ಕೆಂಪು ಪಟ್ಟೆಯ ಮೇಲೆ ಕೂತಳು. ಮಾಲೀಕ ಕಾರಿನಿಂದಿಳಿದು ಓಡಿಬಂದಾಗ ಆಕೆ ತಲೆಯೆತ್ತಿ ಕೇಳಿದ್ದು ಒಂದೇ: “ನಾನು ಸತ್ರೆ ನನ್ನ ಬಟ್ಟೆ ಯಾವ ಹೊಳೇಲಿ ಒಗೀತೀಯೋ?”

ಮಾಲೀಕ ಒಪ್ಪಿದ; ಪ್ಲಾಂಟು ಕಟ್ಟುವವರೆಗೆ ಕಾರ್ಖಾನೆ ನಿಂತಿತು. ಹಾಸಿನಮ್ಮನ ಮಗ ಗೋಡೆಗೆ ಮುಖ ಮಾಡಿ ಮಲಗಿದ. “ನನ್ನ ಹೊಟ್ಟೆ ಮೇಲೆ ಹೊಡೆದೆ ಅಮ್ಮ” ಎಂದ. “ಊಟ ಮಾಡು. ಆಮೇಲೆ ಬೈಯಿ” ಎಂದು ಆಕೆ ತಟ್ಟೆಯಿಟ್ಟಳು. ಕೆಲಸ ಮತ್ತೆ ಶುರುವಾದಾಗ ಪ್ಲಾಂಟಿಗೆ ಯಾರು ಹೋಗುತ್ತೀರಿ ಎಂದು ಕೇಳಿದರು. ನಾತದ ಕೆಲಸ, ಸಂಬಳವೂ ಕಡಿಮೆ. ಯಾರೂ ಮುಂದೆ ಬರಲಿಲ್ಲ. ಇವನು ಕೈಯೆತ್ತಿದ. ಯಾಕೆ ಎಂದು ಮನೆಯಲ್ಲಿ ಹೇಳಲಿಲ್ಲ, ತಾಯಿಯೂ ಕೇಳಲಿಲ್ಲ. ಅವತ್ತು ಡಬ್ಬಿಯಲ್ಲಿ ಅವನಿಗಿಷ್ಟವಾದದ್ದೆಲ್ಲ ಇತ್ತು.

ಮಾಲೀಕನ ತಾಯಿ ಅಷ್ಟು ದಿನ ಕಾಯಲಿಲ್ಲ. ಹೊಳೆ ಬೂದಿ ಬಣ್ಣದಲ್ಲಿದ್ದಾಗಲೇ ತೀರಿಕೊಂಡಳು. ಅವಳ ಬಟ್ಟೆಯೂ ನಲ್ಲಿಯಲ್ಲೇ ಒಗೆದದ್ದು.

*

ಮಗ ಎದ್ದು ಬಕೆಟ್ಟನ್ನು ಬಗ್ಗಿಸಿದ. ಲೋಟದಷ್ಟು ನೀರು ಹಿತ್ತಲ ಮಣ್ಣಿಗೆ ಹೋಯಿತು.

“ನಡಿ ಅಕ್ಕ,” ಎಂದ. “ನೀಲಿ ಬಂದ್ರೆ ನನ್ನ ಮುಖಕ್ಕೇ ಬರ್ಲಿ.”

ಊರಿಗೆ ಊರೇ ಹಿಂದೆ ಬಂತು. ಹೊಳೆಗಿಳಿಯುವ ಓಣಿ ಇಕ್ಕಟ್ಟಾಗಿತ್ತು. ಗುರುಗಳನ್ನು ಒಂದು ಕಡೆಯಿಂದ ದೀಪದಮನೆಯ ಹಿರಿಯರು, ಇನ್ನೊಂದು ಕಡೆಯಿಂದ ಅವರ ಸೊಸೆ ಹಿಡಿದುಕೊಂಡಿದ್ದರು. “ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಅಂತಿದ್ರು,” ಎಂದು ಬೇಕರಿಯವಳು ಮೂಗೊರೆಸಿಕೊಂಡಳು. “ಹಾಸಿನಮ್ಮ ಬರ್ಲಿಲ್ಲ, ಅವಳ ಬಟ್ಟೆ ಬಂತು.” ಮೆಟ್ಟಿಲುಗಳ ಮೇಲೆ ಗಂಟೆಮನೆಯವರು, ದೀಪದಮನೆಯವರು ಬೆರೆತು ನಿಂತರು. ಯಾವ ಮೆಟ್ಟಿಲು ಯಾರದೆಂದು ಹಿಂದೊಮ್ಮೆ ಸುಣ್ಣದಲ್ಲಿ ಎಳೆದಿದ್ದ ಗೆರೆ ಕಲ್ಲಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದರ ಮೇಲೆ ಯಾರದೋ ಚಪ್ಪಲಿಗಳಿದ್ದವು.

ಅಕ್ಕ ತಮ್ಮ ಇಬ್ಬರೂ ಮೊಣಕಾಲಿನ ತನಕ ಇಳಿದರು. ನೀರು ತಣ್ಣಗಿತ್ತು. ನೋಡಲು ಕಪ್ಪಗಿತ್ತು, ನೆರಳಿಗೆ ಕಪ್ಪೋ, ಇನ್ನೇನಕ್ಕೋ ಎಂದು ಮಗಳಿಗೆ ತಿಳಿಯಲಿಲ್ಲ. ಮಗ ಮೇಲ್ಗಡೆ, ಹೊಳೆ ತಿರುಗುವ ಕಡೆಯೇ ನೋಡುತ್ತಿದ್ದ. ಆ ತಿರುವಿನಾಚೆ ಹಳೆಯ ಕೊಳವೆಯಿತ್ತು.

“ಬಟ್ಟೆ ಹಿಡ್ಕೊಳೋ.”

ಅವನು ಒಂದು ತುದಿ ಹಿಡಿದ. ಬಟ್ಟೆ ನೀರಿನ ಮೇಲೆ ಒಂದು ಕ್ಷಣ ಉಬ್ಬಿ ನಿಂತು, ನಿಧಾನವಾಗಿ ಮುಳುಗಿತು. ಅವರ ಕಾಲಡಿಯಿಂದ ಕಂದುಮೋಡದ ಹಾಗೆ ಏನೋ ಎದ್ದು ಅದನ್ನು ಮುಚ್ಚಿತು. ಮೆಟ್ಟಿಲ ಮೇಲೆ ಯಾರೋ ಉಸಿರೆಳೆದುಕೊಂಡರು. ಮಗ ಕಣ್ಣು ಮುಚ್ಚಿದ.

“ಕೆಸರು ಕಣೋ,” ಎಂದಳು ಮಗಳು. ಅವಳಿಗೇ ಅದು ಖಾತರಿಯಿರಲಿಲ್ಲ. “ನೀನು ಕಾಲು ಅಲ್ಲಾಡಿಸ್ಬೇಡ.”

ಮೋಡ ಹರಿದು ಹೋಯಿತು. ಅವರು ಬಟ್ಟೆಯನ್ನು ಎತ್ತಿ, ಕಲ್ಲಿಗೆ ಒಗೆದರು. ಅಮ್ಮ ಒಗೆಯುತ್ತಿದ್ದ ಕಲ್ಲು. ನಡುವೆ ಸವೆದು ತಟ್ಟೆಯ ಹಾಗಾಗಿತ್ತು. ಮಗಳು ಎತ್ತಿ ಬಡಿದಾಗ ಸದ್ದು ಆಚೆ ದಡಕ್ಕೆ ಹೋಗಿ ವಾಪಸು ಬಂತು. ಎಷ್ಟೋ ವರ್ಷಗಳಿಂದ ಕೇಳಿರದ ಸದ್ದು. ದಡದ ಮೇಲಿದ್ದ ಮುದುಕಿಯೊಬ್ಬಳು ಅದನ್ನು ಕೇಳಿಯೇ ಅಳತೊಡಗಿದಳು. ಮತ್ತೆ ಅದ್ದಿದರು, ಬಡಿದರು, ಜಾಲಿಸಿದರು. ಒದ್ದೆ ಬಟ್ಟೆ ನೆರಳಲ್ಲಿ ಯಾವಾಗಲೂ ಬೂದಿಯಾಗಿಯೇ ಕಾಣುತ್ತದೆ. ಏನೂ ಹೇಳುವಂತಿರಲಿಲ್ಲ.

ಅಷ್ಟರಲ್ಲಿ ಓಣಿಯಲ್ಲಿ ದಾರಿ ಬಿಡಿ, ದಾರಿ ಬಿಡಿ ಎಂಬ ಸದ್ದಾಯಿತು. ಕಾರ್ಖಾನೆಯ ನಾಲ್ಕೈದು ಜನ ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದರು. ಒಬ್ಬನ ತೋಳು ಮೊಣಕೈ ತನಕ ಗ್ರೀಸು. ಹಿಂದೆ ಡಬ್ಬಿಯ ಮಾತೆತ್ತಿ ಕಾಡುತ್ತಿದ್ದವನು ಅವನೇ.

“ತಡ ಆಯ್ತು ಕಣೋ,” ಎಂದ ಅವನು ಏದುಸಿರಿನಲ್ಲಿ. “ಪಾಳಿ ಬದಲಾಗದೆ ಬರೋ ಹಾಗಿರ್ಲಿಲ್ಲ.”

ಮಗ ನೀರಿನಲ್ಲಿ ನಿಂತೇ ಕೇಳಿದ. “ಪ್ಲಾಂಟು?”

“ಏನು ಪ್ಲಾಂಟು?”

“ಪ್ಲಾಂಟು ಯಾರು ನೋಡ್ಕೊಂಡ್ರೋ?”

“ನಾವೇ. ಇನ್ಯಾರು, ನಿಮ್ಮಾವನಾ?” ಅವನು ಗ್ರೀಸಿನ ಕೈಯಲ್ಲೇ ಹಣೆ ಒರೆಸಿಕೊಂಡ. “ಸೂಪರ್‌ವೈಸರ್ ಬಂದ, ಪಂಪು ನಿಲ್ಸಿ, ಎರಡು ದಿನ ತಾನೇ ಅಂದ. ಆಯ್ತು ಸಾರ್, ಪಂಪಿನ ಜೊತೆ ನಾವೂ ನಿಲ್ತೀವಿ, ನೂಲು ನೀವೇ ಅದ್ದಿ ಅಂದ್ವಿ. ಹೋದ. ಹಾಸಿನಮ್ಮನ ಬಟ್ಟೆ ಒಗೆಯೋ ವಾರ ಪ್ಲಾಂಟು ನಿಲ್ಸೋಕೆ ನಮಗೇನು ತಲೆ ಕೆಟ್ಟಿದೆಯಾ? ಪಂಪಿನ ರಬ್ಬರ್ ಗ್ಯಾಸ್ಕೆಟ್ ಒಂದು ಹೋಗಿತ್ತು, ಅದನ್ನೂ ಹಾಕಿದ್ದೀವಿ. ಆಮೇಲೆ ನೋಡ್ಕೋ, ಸ್ವಲ್ಪ ಸೋರುತ್ತೆ.”

ಮಗ ಬಾಗಿ ಎರಡು ಕೈಯಲ್ಲಿ ನೀರು ಎತ್ತಿ ಮುಖಕ್ಕೆ ಹಾಕಿಕೊಂಡ. ಕಾರ್ಖಾನೆಗೆ ಸೇರಿದ ಮೇಲೆ ಅವನು ಹೊಳೆಯ ನೀರನ್ನು ಮುಖಕ್ಕೆ ಮುಟ್ಟಿಸಿದ್ದು ಅದೇ ಮೊದಲು. ಅದು ಅಕ್ಕನಿಗೆ ಗೊತ್ತಿತ್ತು. ಅವಳು ಬೇರೆ ಕಡೆ ನೋಡಿದಳು.

“ಮೇಲಕ್ಕೆ ತನ್ನಿ,” ಎಂದರು ಗುರುಗಳು. “ಬಿಸಿಲಿಗೆ.”

ಇಬ್ಬರೂ ಬಟ್ಟೆಯನ್ನು ಹಿಂಡದೆ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಮೆಟ್ಟಿಲ ಮೇಲಿನ ಬಿಸಿಲಿನಲ್ಲಿ ಎತ್ತಿದರು. ಬಿಸಿಲು ಅದರೊಳಗಿಂದ ಹಾಯ್ದು ಬಂತು. ಎಲ್ಲರ ಮುಖದ ಮೇಲೂ ಅದರ ಬೆಳಕು ಬಿತ್ತು. ದೀಪದಮನೆಯ ಹಿರಿಯರು ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು, ಬಿಡಿಸಿ, ಬಟ್ಟೆಗೆ ತಾಗಿಸಿ ಹಿಡಿದರು. ಅವರ ಕರವಸ್ತ್ರ ಹಳದಿಯಾಗಿ ಕಂಡಿತು.

“ಮಾನ ಹೋಯ್ತು,” ಎಂದರು ಅವರು, ಅದನ್ನು ಬೇಗ ಮಡಿಸಿ ಜೇಬಿಗೆ ತುರುಕುತ್ತ. “ನಮ್ಮನೇಲಿ ಸೋಪು ಹಾಕಿ ಒಗೆದಿದ್ದು.”

ಗುರುಗಳು ಬಟ್ಟೆಯ ಅಂಚನ್ನು ಹಣೆಗೊತ್ತಿಕೊಂಡರು. ಅಲ್ಲಿ ಒಂದೆಳೆ ಹಸಿರು ಪಾಚಿ ಅಂಟಿಕೊಂಡಿತ್ತು. ಸೊಸೆ ಅದನ್ನು ಕಿತ್ತು ಹಾಕಲು ಕೈ ಚಾಚಿದಳು. “ಇರ್ಲಿ ಬಿಡಮ್ಮ,” ಎಂದರು ಗುರುಗಳು. “ಎಷ್ಟು ವರ್ಷ ಆಯ್ತು ಇದನ್ನ ನೋಡಿ.”

ಗಂಟೆಮನೆಯ ಗೋಪುರದ ಮೇಲೆ ಗಂಟೆ ಬಾರಿಸುವವನು ಇದನ್ನೆಲ್ಲ ನೋಡುತ್ತಿದ್ದಿರಬೇಕು. ಒಂದು ಪೆಟ್ಟು, ಬಿಡುವು, ಒಂದು ಪೆಟ್ಟು ಎಂದು ಬೆಳಗಿನಿಂದ ಬಾರಿಸುತ್ತಿದ್ದವನು, ಬಿಳಿ ಬಟ್ಟೆ ಬಿಸಿಲಿಗೆ ಎದ್ದದ್ದೇ, ಮದುವೆಗೆ ಬಾರಿಸುವ ಹಾಗೆ ಒಂದರ ಮೇಲೊಂದು, ಉಸಿರು ಬಿಡದೆ ಎಳೆಯತೊಡಗಿದ. ಹೆಣವಿರುವ ದಿನ ಹಾಗೆ ಬಾರಿಸುವಂತಿಲ್ಲ. ಹಿರಿಯರು ಗುರುಗಳ ಮುಖ ನೋಡಿದರು. ಗುರುಗಳು ಕಿವಿಗೊಟ್ಟು ಕೇಳಿದರು.

“ನಂಗೆ ಈಚೆಗೆ ಕಿವಿ ಸರಿ ಕೇಳ್ಸಲ್ಲ,” ಎಂದರು.

“ಬಟ್ಟೆ ಒಣಗಬೇಡವಾ?” ಎಂದು ಬೇಕರಿಯವಳು ಕೇಳಿದಳು. “ಬಿಸಿಲು ಇಳೀತಾ ಬಂತು.”

“ಒಗೆದಿರ್ಬೇಕು ಅಂತಿದೆ. ಒಣಗಿರ್ಬೇಕು ಅಂತ ಎಲ್ಲೂ ಇಲ್ಲ,” ಎಂದರು ಗುರುಗಳು.

ಹಾಗಾಗಿ ಹಾಸಿನಮ್ಮ ಒದ್ದೆ ಬಟ್ಟೆಯಲ್ಲೇ ಹೊರಟಳು. ಗಂಟೆಮನೆಯ ಇಬ್ಬರು, ದೀಪದಮನೆಯ ಇಬ್ಬರು ಹೆಗಲು ಕೊಟ್ಟರು. ಮುಂದಿನ ತಿರುವಿನಲ್ಲಿ ಕಾರ್ಖಾನೆಯವರು ಹೆಗಲು ಬದಲಿಸಿಕೊಂಡರು. ಬಿದಿರಿನ ಚಟ್ಟದಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇಕರಿಯ ಮುಂದೆ, ಹೊಲಿಗೆಯಂಗಡಿಯ ಮುಂದೆ, ಧೂಳಿನ ರಸ್ತೆಯುದ್ದಕ್ಕೂ ಒಂದು ಕಪ್ಪು ಒದ್ದೆ ಗೆರೆ ಬಿದ್ದಿತು. ಹಿಂದೆ ಬರುತ್ತಿದ್ದವರು ಯಾರೂ ಹೇಳದೆಯೇ ಅದನ್ನು ತುಳಿಯದೆ ಎರಡು ಪಕ್ಕಕ್ಕಾಗಿ ನಡೆದರು. ಮೇಲೆ ಗಂಟೆ ಇನ್ನೂ ಅದೇ ಓಟದಲ್ಲಿತ್ತು.

ಕಾರ್ಖಾನೆಯ ಗೇಟಿನ ಮುಂದೆ ಮಗ, “ಒಂದು ನಿಮಿಷ ಇಳಿಸ್ರಪ್ಪ” ಎಂದ. ಡಬ್ಬಿ ತೂರಿ ಬರುತ್ತಿದ್ದ ಸರಳುಗಳ ಎದುರಿಗೆ ಚಟ್ಟವನ್ನಿಳಿಸಿದರು. ಅವನು ಸರಳೊಂದನ್ನು ಹಿಡಿದು, ಈ ಸಲ ಹೊರಗಿನಿಂದ, ಸ್ವಲ್ಪ ಹೊತ್ತು ನಿಂತ. ಒಳಗೆ ಊಟದ ಸೈರನ್ ಆಗುವ ಹೊತ್ತಲ್ಲ. ಆದರೂ ಒಬ್ಬೊಬ್ಬರಾಗಿ ತೊಟ್ಟಿಗಳ ಕಡೆಯಿಂದ ಬಂದು ಗೇಟಿಗೆ ನಿಂತರು. ಕಾವಲುಗಾರ ಟೋಪಿ ತೆಗೆದ.

ಮತ್ತೆ ಎತ್ತಿದಾಗ, ಚಟ್ಟವಿದ್ದ ಕಡೆ ನೆಲದ ತಗ್ಗಿನಲ್ಲಿ ಅಂಗೈಯಗಲ ನೀರು ನಿಂತಿತ್ತು. ಕಾವಲುಗಾರನ ಕುರ್ಚಿಯಡಿಯಿಂದ ಕಂದು ಬಣ್ಣದ ನಾಯಿಯೊಂದು ಎದ್ದು ಬಂತು. ಹಳೆಯ ನಾಯಿಯ ಮಗಳೋ ಮೊಮ್ಮಗಳೋ ಇರಬೇಕು. ಕಾವಲುಗಾರ ಓಡಿಸಲು ಕೋಲೆತ್ತಿದ. ಮಗ ಅವನ ಮಣಿಕಟ್ಟು ಹಿಡಿದ.

ನಾಯಿ ನೀರಿನ ತನಕ ಬಂದು ಮೂಸಿತು. ಎಲ್ಲರೂ ನಿಂತರು. ಅದು ಒಮ್ಮೆ ತಲೆಯೆತ್ತಿ ಇಷ್ಟು ಜನರನ್ನು ನೋಡಿತು. ಆಮೇಲೆ ತಲೆ ಬಗ್ಗಿಸಿ, ಚಪ್ ಚಪ್ ಎಂದು, ನೆಲ ಕಾಣುವವರೆಗೂ ಕುಡಿಯಿತು.